ಶೇಖವ್ವನ ಒಡ್ಡಿನ ಪಾಠ

ಡಂಬಳದ ಹೊರಗೆ ಭಾನುವಾರದ ಬೆಳಕು ಪೂರ್ತಿ ಹರಿದಿಲ್ಲ. ಮಳೆ ಆಗಲೇ ಹಿಡಿದಿದೆ. ಇಳಿಜಾರಿನ ತಮ್ಮ ಅರ್ಧ ಎಕರೆ ಎರೆಹೊಲದಲ್ಲಿ ಶೇಖವ್ವ ಗೋಣಿಚೀಲದ ಕೊಪ್ಪೆ ಹೊದ್ದು ನಿಂತಿದ್ದಾರೆ. ಮುಂದೆ ಮಕ್ಕಳು ಕಟ್ಟಿದ ಮೊಣಕಾಲೆತ್ತರದ ಮಣ್ಣಿನ ಒಡ್ಡು. ಅದರ ಹಿಂದೆ ಕಪ್ಪು ರಾಡಿನೀರು ಏರುತ್ತಿದೆ. ಹೆಚ್ಚಿನ ನೀರು ಹೊರಹೋಗಲು ಒಡ್ಡಿನ ತುದಿಯಲ್ಲಿ ಕಲ್ಲು ಹಾಸಿದ ಕೋಡಿ ಇರಬೇಕು. ಅದು ಕಾಣುತ್ತಿಲ್ಲ.

“ಕೋಡಿ ಯಾರು ಮುಚ್ಚಿದ್ರಲೇ?”

ಐದನೆಯ ತರಗತಿಯ ನೇತ್ರಾ ಮುಂದೆ ಬರುತ್ತಾಳೆ. “ನಾ, ಆಯಿ. ಮಣ್ಣೆತ್ತು ಮಾಡಿದ ಮಣ್ಣು ಉಳದಿತ್ತು. ಹನಿ ನೀರೂ ಹೊರಗ ಬಿಡಬಾರದಂತ ನೀನ ಹೇಳಿದ್ಯಲ್ಲ.”

ಹಿಂದಿನ ದಿನ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಗಿಡುವ ಮಣ್ಣಿನ ಎತ್ತುಗಳಿಗಾಗಿ ತುಳಿದು ಹದಮಾಡಿದ ಜಿಗುಟು ಮಣ್ಣು ಕೋಡಿಯ ಬಾಯಲ್ಲಿ ಬಿಗಿಯಾಗಿ ಕೂತಿದೆ.

ಒಡ್ಡಿನ ಕೆಳಗೆ ನೇತ್ರಾಳ ಅಜ್ಜ, ಊರ ಗೌಡರಾದ ವಿರೂಪಾಕ್ಷಪ್ಪನವರ ಹೊಲ. ಹೆಸರುಕಾಳಿನ ಬೆಳೆ ಈಗಷ್ಟೇ ಮೊಳೆತಿದೆ. ಹೋದ ವರ್ಷ ಈ ಒಡ್ಡು ಒಡೆದು ಅವರ ಸಸಿಗಳು ಹೂತುಹೋಗಿದ್ದವು. “ಇನ್ನೊಮ್ಮೆ ಒಡದ್ರ ಒಂದ ಹುಡುಗನೂ ನಿನ್ನ ಹೊಲಕ್ಕ ಕಾಲಿಡಂಗಿಲ್ಲ. ಮನಿಮನಿಗೆ ನಾನ ಹೇಳತೇನಿ” ಎಂದು ಆಗಲೇ ಎಚ್ಚರಿಸಿದ್ದರು. ಅವರ ಮಾತನ್ನು ಮೀರುವ ಮನೆ ಈ ಓಣಿಗಳಲ್ಲಿಲ್ಲ.

ಅರವತ್ತೆಂಟರ ಶೇಖವ್ವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೂವತ್ತು ವರ್ಷ ಮುಂಡರಗಿ ತಾಲ್ಲೂಕಿನ ಹೊಲಗಳಲ್ಲಿ ಒಡ್ಡಿನ ಕೂಲಿ ಮಾಡಿದರು. ಸೊಂಟ ಬಾಗಿ ಕೂಲಿ ನಿಂತಿತು. ನಾಲ್ಕು ವರ್ಷಗಳಿಂದ ಭಾನುವಾರಗಳಲ್ಲಿ ಹನ್ನೆರಡು ಮಕ್ಕಳು ಮಣ್ಣು-ನೀರು ಹಿಡಿಯುವುದನ್ನು ಅವರಿಂದ ಕಲಿಯಲು ಇಲ್ಲಿಗೆ ಬರುತ್ತಾರೆ. ಮೊದಲ ಪಾಠಕ್ಕೆ ಓರೆಯಾಗಿಟ್ಟ ಎರಡು ತಗಡಿನ ತಟ್ಟೆ: ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೆಳೆದ ಮಣ್ಣು. ಎರಡಕ್ಕೂ ಒಂದೊಂದು ತಂಬಿಗೆ ನೀರು ಸುರಿಯಬೇಕು. ಕೆಳಗೆ ಹರಿದು ಬಂದದ್ದನ್ನು ನೋಡಬೇಕು. ನಿಯಮ ಒಂದೇ: ಕೆಲಸವೆಲ್ಲ ಮಕ್ಕಳದೇ, ಪಾಠದ ಹೊತ್ತಿನಲ್ಲಿ ಶೇಖವ್ವ ಸಲಿಕೆ ಮುಟ್ಟುವುದಿಲ್ಲ.

ಈಗ ನೀರು ಒಡ್ಡಿನ ತಲೆಗೆ ಒಂದು ಗೇಣು ಕೆಳಗಿದೆ.

“ಒಡ್ಡಿನ ಕೆಳಗ ಯಾರೂ ನಿಂದ್ರಬ್ಯಾಡ್ರಿ! ನೇತ್ರಾ, ಸಲಿಕಿ ತಗೋ. ಒಮ್ಮಿಗೆ ಅಗೀಬ್ಯಾಡ, ಮ್ಯಾಲಿಂದ ಪದರ ಪದರ ತೆಗಿ. ಒಮ್ಮಿಗೆ ಬಿಟ್ರ ನೀರು ಒಡ್ಡನ್ನೂ ಒಯ್ತೈತಿ.”

ಮಣ್ಣು ಸಲಿಕೆಗೆ ಅಂಟುತ್ತದೆ, ಕಳಚುವುದಿಲ್ಲ. ಪಕ್ಕದಲ್ಲಿದ್ದ ಹುಡುಗ ವೀರು ಬರಿಗೈಯಲ್ಲಿ ಕೀಳುತ್ತ ಗೊಣಗುತ್ತಾನೆ: “ನಿನ್ನಿ ಎತ್ತು ಮಾಡೂಮುಂದ ಹಿಂಗ ಗಟ್ಟಿ ಮೆತ್ತಿದ್ರ ಅದರ ಕೋಡರ ಮುರೀದ ಉಳೀತಿತ್ತು!”

“ಬಾಯಿ ಮುಚ್ಚಲೇ, ಕೈ ಆಡಸು!” ಎನ್ನುತ್ತಾಳೆ ನೇತ್ರಾ.

ಒಡ್ಡಿನ ನಡುವೆ ಒಂದು ಬಿರುಕು ಮೂಡುತ್ತದೆ. ಶೇಖವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ನೇತ್ರಾ ಒಂದು ಪದರ ಎತ್ತುತ್ತಾಳೆ, ಮತ್ತೊಂದು. ಕೊನೆಗೆ ಬೆರಳಗಲದ ನೀರು ಕಲ್ಲಿನ ಮೇಲೆ ಜಾರುತ್ತದೆ, ಬಳಿಕ ಅಂಗೈಯಗಲ. ಬಿರುಕು ಬೆಳೆಯುವುದಿಲ್ಲ. ನೀರು ಬದುವಿನ ಪಕ್ಕದ ಕಾಲುವೆ ಹಿಡಿದು ಹೋಗುತ್ತದೆ. ಹೆಸರಿನ ಸಾಲುಗಳಿಗೆ ನುಗ್ಗುವುದಿಲ್ಲ.

ನೇತ್ರಾ ಅಳತೊಡಗುತ್ತಾಳೆ. ಶೇಖವ್ವ ಅವಳ ಕೈಯ ಕೆಸರು ಒರೆಸುತ್ತಾರೆ. “ತಪ್ಪು ನಿಂದಲ್ಲವ್ವಾ. ನೀರು ಹಿಡಿಯೂದು ಮೊದಲ ಕಲಿಸಿದೆ, ಬಿಡೂದು ಆಮ್ಯಾಲ ನೋಡೂಣು ಅಂತ ಇಟ್ಟಿದ್ದೆ.”

ಅಷ್ಟರಲ್ಲಿ ವಿರೂಪಾಕ್ಷಪ್ಪ ಛತ್ರಿ ಹಿಡಿದು ಧಾವಿಸಿ ಬರುತ್ತಾರೆ. ಮೊದಲು ತಮ್ಮ ಹೊಲ ನೋಡುತ್ತಾರೆ, ಆಮೇಲೆ ಒಡ್ಡು.

“ಕೋಡಿ ನಾ ಮುಚ್ಚಿದ್ದೆ ಅಜ್ಜಾ. ನಾನ ತಗದೆ” ಎನ್ನುತ್ತಾಳೆ ಮೊಮ್ಮಗಳು.

ಅವರು ಅವಳ ಕೈಯಿಂದ ಸಲಿಕೆ ತೆಗೆದುಕೊಂಡು ಹಿಡಿಕೆ ಅಲುಗಾಡಿಸುತ್ತಾರೆ. “ಇಂಥಾ ಸಡ್ಲ ಸಲಿಕಿ ಕೊಟ್ಟ ಹುಡುಗರ ಕಡಿಂದ ದುಡಸ್ತೀಯೇನು, ಶೇಖವ್ವಾ? ಬರೂ ಐತಾರ ನಮ್ಮ ಮನಿದು ಕೊಟ್ಟ ಕಳಸ್ತೇನಿ.”

“ಕಳಸ್ರಿ ಗೌಡ್ರ. ಹುಡುಗೀನೂ ಕಳಸ್ರಿ.”

“ಆತು, ಆತು” ಎನ್ನುತ್ತ ಅವರು ಹೊರಡುತ್ತಾರೆ.

ಮಳೆ ತಗ್ಗುತ್ತದೆ. ಮಕ್ಕಳು ಬಿರುಕಿಗೆ ಮಣ್ಣು ತುಂಬಿ ತುಳಿಯುತ್ತಿದ್ದಾರೆ. ಈ ಪಾಠಕ್ಕೆ ಇನ್ನೇನು ಬೇಕೆಂದು ನಾನು ಕೇಳಿದರೆ ಶೇಖವ್ವ ಆಕಾಶ ನೋಡುತ್ತಾರೆ.

“ಇಂಥಾದ ಇನ್ನೊಂದ ಮಳಿ ಬರಬೇಕ್ರಿ. ಅವತ್ತ ನಾ ಹೊಲಕ್ಕ ಬರೂದರಾಗ ಈ ಹುಡುಗರು ಬಂದು ಕೋಡಿ ತೆರದೈತೇನಂತ ನೋಡಿರಬೇಕು.”