ಓಮಾಳ ಹಂಡೆಯ ಬಳಿ ಕೂತಿದ್ದವರು

ನಾನು ಚಿಕ್ಕವನಿದ್ದಾಗ ಒಂದು ಸಲ ಆಕಾಶವೇ ಬಾಯಿ ಮುಚ್ಚಿಕೊಂಡುಬಿಟ್ಟಿತ್ತು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ನಾವಿದ್ದದ್ದು ಡಚ್ಚರ ನಾಡಿನ ಬಾಡ್‌ಹೂವೆಡಾರ್ಪ್ ಎಂಬ ಊರಿನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಮೊದಲೆಲ್ಲ ವಿಮಾನಗಳ ಗದ್ದಲಕ್ಕೆ ಊಟದ ತಟ್ಟೆಯೂ ನಡುಗುತ್ತಿತ್ತು. ಕೊರೊನಾ ಬಂದು ಲಾಕ್‌ಡೌನ್ ಆದಮೇಲೆ ಆ ಸದ್ದೆಲ್ಲ ಎಲ್ಲಿಗೆ ಹೋಯಿತೋ! ಬೀದಿಯಲ್ಲಿ ಬಸ್ಸು ಬರುತ್ತಿತ್ತು, ಒಳಗೆ ದೀಪ ಉರಿಯುತ್ತಿತ್ತು, ಸೀಟುಗಳಲ್ಲಿ ಮಾತ್ರ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ನಮ್ಮ ಗೋಡೆ ಗಡಿಯಾರ ಅಷ್ಟು ಜೋರಾಗಿ ಸದ್ದು ಮಾಡುತ್ತದೆಂದು ನನಗೆ ಗೊತ್ತಾದದ್ದೇ ಆಗ.

ಅಪ್ಪನ ಅಪ್ಪ ದೂರದ ಇಳಕಲ್ಲಿನಲ್ಲಿ ತೀರಿಕೊಂಡದ್ದೂ ಅದೇ ದಿನಗಳಲ್ಲಿ. ವಿಮಾನವಿಲ್ಲದೆ ಅಪ್ಪನಿಗೆ ಮಣ್ಣಿಗೆ ಹೋಗಲಾಗಲಿಲ್ಲ. ಎಲ್ಲವನ್ನೂ ಫೋನಿನಲ್ಲೇ ನೋಡಿದರು. ಆಮೇಲೆ ಅವರು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತ, ಲ್ಯಾಪ್‌ಟಾಪಿನಲ್ಲಿ ಕಂಡವರೊಡನೆಲ್ಲ ನಗುತ್ತಿದ್ದರು. ಅದನ್ನು ಮುಚ್ಚಿದರೆ ಮುಗಿಯಿತು, ನಮ್ಮೊಡನೆ ಮಾತಿಲ್ಲ ಕತೆಯಿಲ್ಲ. "ಒಮ್ಮೆ ಅತ್ತಬಿಡ್ರಿ, ಹಗುರ ಆಗ್ತದ" ಎಂದು ಅವ್ವ ಹೇಳುತ್ತಲೇ ಇದ್ದಳು. ಅಪ್ಪ ಅಳಲಿಲ್ಲ.

ಪಕ್ಕದ ಮನೆಯಲ್ಲಿ ವಿಯೆಟ್ನಾಮಿನ ಅಜ್ಜಿಯೊಬ್ಬಳಿದ್ದಳು. ಡಚ್ಚರು ಅಜ್ಜಿಗೆ ಓಮಾ, ಅಜ್ಜನಿಗೆ ಓಪಾ ಎನ್ನುತ್ತಾರಲ್ಲ, ನಾವೂ ಅವರಿಬ್ಬರನ್ನು ಹಾಗೆಯೇ ಕರೆಯುತ್ತಿದ್ದೆವು. ಆ ಶರತ್ಕಾಲದಲ್ಲಿ ಓಪಾನಿಗೆ ಕೊರೊನಾ ತಗಲಿ, ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಓಮಾಳನ್ನು ಒಳಗೆ ಬಿಟ್ಟಿರಲಿಲ್ಲ. ಅವನ ಬೂಟುಗಳು ಮಾತ್ರ ಹಿತ್ತಿಲ ಬಾಗಿಲ ಬಳಿ ಮೂತಿಯನ್ನು ಮನೆಯ ಕಡೆಗೆ ಮಾಡಿಕೊಂಡು ನಿಂತೇ ಇದ್ದವು. ಓಮಾ ಅವುಗಳ ಮೇಲೆ ಬಿದ್ದ ಹಿಮವನ್ನು ದಿನವೂ ಒರೆಸುತ್ತಿದ್ದಳು, ಅವುಗಳೊಡನೆ ಏನೋ ಮಾತಾಡುತ್ತಿದ್ದಳು. ನಾನು ಆ ಬೂಟುಗಳತ್ತ ನೋಡದೆ ಓಡಿಬಿಡುತ್ತಿದ್ದೆ.

ಫೆಬ್ರವರಿಯಲ್ಲಿ ಅವರ ಹೊಸವರ್ಷ ಬಂತು. ಹಿಂದಿನ ದಿನ ಬೆಳಿಗ್ಗೆ ಓಮಾ ಬೇಲಿಯಾಚೆಯಿಂದ ನಮ್ಮನ್ನು ಕರೆದಳು. ಆಗ ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಎಂದು ಸರ್ಕಾರದ ನಿಯಮ. ಸಣ್ಣ ಮಕ್ಕಳನ್ನು ಎಣಿಸುತ್ತಿರಲಿಲ್ಲ. "ನಾ ಅತಿಥಿ. ನೀ ಲೆಕ್ಕಕ್ಕs ಇಲ್ಲ, ಸುಮ್ನ ಬಾ" ಎಂದು ಅಕ್ಕ ನನ್ನನ್ನು ಎಳೆದುಕೊಂಡು ಹೋದಳು. ನನಗೆ ಉರಿದುಹೋಯಿತು.

ಅಡುಗೆಮನೆಯಲ್ಲಿ ನೆನೆಸಿದ ಅಂಟಕ್ಕಿ, ಬೇಯಿಸಿದ ಹೆಸರುಬೇಳೆ, ಮೆಣಸು ಹಚ್ಚಿದ ಹಂದಿಮಾಂಸ, ಒದ್ದೆ ಬಾಳೆ ಎಲೆಗಳು. ಎಲೆಯ ಹಸಿ ವಾಸನೆ ಮೂಗಿಗೆ ಬಡಿದದ್ದೇ ನನಗೆ ನಮ್ಮೂರಿನ ಮದುವೆ ಊಟ ನೆನಪಾಯಿತು. ಓಮಾ ಎಲೆಯ ಮೇಲೆ ಅಕ್ಕಿ ಹರಡಿ, ಬೇಳೆ, ಮಾಂಸ, ಮತ್ತೆ ಬೇಳೆ, ಮತ್ತೆ ಅಕ್ಕಿ ಇಟ್ಟು ಚೌಕವಾಗಿ ಮಡಚಿದಳು. ಇದೇ ಬಾನ್ ಚುಂಗ್, ಅವರ ಹಬ್ಬದ ಕಡುಬು. ಮಾಂಸ ತಿನ್ನದ ನಮಗೆಂದು ಬರೀ ಬೇಳೆಯ ಪುಟ್ಟ ಕಡುಬುಗಳನ್ನು ಬೇರೆ ಮಾಡಿದಳು. ಅಕ್ಕ ದಾರ ಕಟ್ಟಿದಳು. ಹಿಂದೆ ದಾರ ಕಟ್ಟುವುದೂ ಹಂಡೆ ಕಾಯುವುದೂ ಓಪಾನ ಕೆಲಸಗಳಾಗಿದ್ದವು.

ಹಿತ್ತಿಲ ಶೆಡ್ಡಿನಲ್ಲಿ ಗ್ಯಾಸ್ ಒಲೆಯ ಮೇಲೆ ಹಂಡೆ ಏರಿತು. ಇಡೀ ದಿನ ಕುದಿಯಬೇಕು. ನೀರು ಇಂಗಿದಂತೆಲ್ಲ ಬಿಸಿನೀರು ಹೊಯ್ಯುತ್ತಿರಬೇಕು, ಇಲ್ಲದಿದ್ದರೆ ಮೇಲಿನ ಕಡುಬುಗಳು ಬೇಯುವುದೇ ಇಲ್ಲ. "ಇವತ್ತು ಸಂಜೆ ಹೋದವರು ಮನೆಗೆ ಬರುತ್ತಾರೆ" ಎಂದಳು ಓಮಾ, ಡಚ್ ಭಾಷೆಯಲ್ಲಿ, ಹಾಲಿನವನು ಬರುತ್ತಾನೆ ಎನ್ನುವಷ್ಟು ಸಲೀಸಾಗಿ. "ಸತ್ತಮೇಲೆ ಅವನಿಗಿದು ಮೊದಲ ಹಬ್ಬ. ಹಸಿ ಅಕ್ಕಿ ಬಡಿಸಲೇನು?" ನಾನು ಅಕ್ಕನ ಹಿಂದೆ ಸರಿದು ನಿಂತೆ.

ಮಧ್ಯಾಹ್ನ ಅವಳು ನಮ್ಮನ್ನು ಊಟಕ್ಕೆ ಕಳಿಸಿದಳು. ಮಾಳಿಗೆಯಲ್ಲಿ ಅಕ್ಕನಿಗೆ ಆನ್‌ಲೈನ್ ಕ್ಲಾಸು, ನಾನು ಅವಳ ಪಕ್ಕ. ಹೊರಗೆ ಮತ್ತೆ ಹಿಮ ಬಿದ್ದು ನಿಂತಿತು. ಅದರ ಹಿಂದೆಯೇ ಮಂಜು ಕವಿದು ಹಿತ್ತಿಲ ಶೆಡ್ಡು ಕಾಣದಾಯಿತು. ಅಕ್ಕ ಕಿಟಕಿಯಿಂದ ಓಮಾಳ ಮನೆಯತ್ತ ಬಗ್ಗಿ ನೋಡಿದವಳು ಹೌಹಾರಿದಳು. ದೀಪವಿದ್ದ ಕಿಟಕಿಯೊಳಗೆ ಓಮಾ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. "ಅಯ್ಯೋ, ಹಂಡಿ ಹತ್ರ ಯಾರೂ ಇಲ್ಲೋ!"

ನಾವು ಬಿದ್ದು ಎದ್ದು ಓಡಿದೆವು. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗಿನ ಹಬೆ ಹೊರಗಿನ ಮಂಜಿನೊಡನೆ ಬೆರೆಯುತ್ತಿತ್ತು. ಅದರ ನಡುವೆ, ಓಪಾನ ಸ್ಟೂಲಿನ ಮೇಲೆ, ಓಪಾನ ದಪ್ಪ ಕೋಟು ಮತ್ತು ಕಿವಿ ಟೋಪಿ ಹಾಕಿಕೊಂಡು ಯಾರೋ ನಮಗೆ ಬೆನ್ನು ಮಾಡಿ ಕೂತಿದ್ದರು! ಹಂಡೆ ಗುಳುಗುಳು ಕುದಿಯುತ್ತಿತ್ತು. ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ನಾಟಿತು.

ಅಷ್ಟರಲ್ಲಿ ನಮ್ಮ ಹಿಂದೆ ಓಮಾಳ ಮನೆಯ ಬಾಗಿಲು ಕಿರ್ರೆಂದಿತು. ಎಚ್ಚರಗೊಂಡ ಓಮಾ ಬರೀ ಚಪ್ಪಲಿಯಲ್ಲೇ ಹಿಮದ ಮೇಲೆ ನಡೆದು ಬಂದಳು. ನಾವು ಅವಳ ಕಣ್ಣಿಗೇ ಬೀಳಲಿಲ್ಲ. ಆ ಕೋಟಿನ ತೋಳು ಹಿಡಿದು, ಅದರ ಬೆನ್ನಿಗೆ ಅವಳು ತನ್ನ ಭಾಷೆಯಲ್ಲಿ ಏನೇನೋ ಹೇಳತೊಡಗಿದಳು, ಮೊದಲು ಮೆಲ್ಲಗೆ, ಆಮೇಲೆ ಬಿಕ್ಕುತ್ತ. ಅದರ ಅರ್ಥವನ್ನು ಅವಳು ಅಕ್ಕನಿಗೆ ಹೇಳಿದ್ದು ಎಷ್ಟೋ ದಿನಗಳಾದ ಮೇಲೆ. "ನಾನು ಬರಲಿಲ್ಲ ಅಂದುಕೊಳ್ಳಬೇಡ. ಅವರು ಬಿಡಲಿಲ್ಲ. ನಾನು ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದೆ."

ಕೂತಿದ್ದವರು ತಿರುಗಿದರು. ಅಪ್ಪ! ಓಮಾಳ ಒಂದು ಮಾತೂ ಅವರಿಗೆ ತಿಳಿದಿರಲಿಲ್ಲ, ಆದರೂ ಕೆನ್ನೆಯೆಲ್ಲ ಒದ್ದೆಯಾಗಿತ್ತು. "ನನಗೂ ಹೋಗಾಕ ಆಗ್ಲಿಲ್ಲವ್ವಾ" ಎಂದರು ಅಪ್ಪ, ಅಚ್ಚ ಕನ್ನಡದಲ್ಲಿ. "ನಮ್ಮಪ್ಪಗ ಒಂದು ಹಿಡಿ ಮಣ್ಣು ಹಾಕಾಕ ಆಗ್ಲಿಲ್ಲ." ಹಾಗೆಂದವರೇ ಚಿಕ್ಕ ಹುಡುಗನಂತೆ ಗೊಳೋ ಎಂದು ಅತ್ತರು. ಓಮಾ ಟೋಪಿಯೊಳಗಿನ ಮುಖವನ್ನು ದಿಟ್ಟಿಸಿ ನೋಡಿ, ಯಾರೆಂದು ತಿಳಿದರೂ ಕೈ ಹಿಂದೆಗೆಯಲಿಲ್ಲ. ಆ ತೋಳನ್ನು ಸವರುತ್ತಲೇ ನಿಂತಳು. ನಮಗೂ ಅಳು ತಡೆಯಲಾಗಲಿಲ್ಲ.

ಕೊನೆಗೆ ಅಕ್ಕ ಕೇಳಿದಳು, "ಅಪ್ಪಾ, ನೀವ್ಯಾಕ ಇಲ್ಲಿಗೆ ಬಂದ್ರಿ?"

"ಯಾರೋ ನಮ್ಮ ಹಿತ್ತಲ ಬಾಗಿಲಾ ಬಡದ್ರಲ್ಲ! ನೀವs ಅಂತ ಎದ್ದು ಬಂದೆ. ನೋಡಿದ್ರ ಯಾರೂ ಇಲ್ಲ, ಇಲ್ಲಿ ಒಲಿ ಉರೀತಿತ್ತು. ಥಂಡಿ ಅಂತ ಇಲ್ಲೇ ತೂಗಹಾಕಿದ್ದ ಕೋಟು, ಟೋಪಿ ಹಾಕ್ಕೊಂಡು ಕುಂತೆ."

"ನಾವು ಮ್ಯಾಲಿದ್ವಿ. ಹಂಡಿಗೆ ನೀರು ಹಾಕಿದವ್ರು ನೀವs ಏನು?"

"ಇಲ್ಲ. ಬಂದಾಗ ಕಂಠದ ಮಟ ತುಂಬಿತ್ತು."

ಹೊಸ ಹಿಮದ ಮೇಲೆ ನಮ್ಮ ಬೇಲಿಯ ಕಡೆಯಿಂದ ಅಪ್ಪನ ಹೆಜ್ಜೆ, ನಮ್ಮ ಹೆಜ್ಜೆ. ಮನೆಯ ಕಡೆಯಿಂದ ಓಮಾಳ ಈಗಿನ ಚಪ್ಪಲಿಯ ಗುರುತು. ಬೇರೆ ಯಾವುದೂ ಇರಲಿಲ್ಲ. ಅಕ್ಕ ಅದನ್ನು ಡಚ್ಚಿನಲ್ಲಿ ಹೇಳಿದಾಗ ಓಮಾ ಬೆಚ್ಚಲೂ ಇಲ್ಲ. "ನಾನು ನಿದ್ದೆ ಹೋಗುತ್ತೇನೆಂದು ಅವನಿಗೆ ಗೊತ್ತು" ಎಂದಳು, ಅಷ್ಟೇ.

ಕತ್ತಲಾಗುವ ಹೊತ್ತಿಗೆ ಕಡುಬು ಬೆಂದಿತು. ಓಮಾ ಅಪ್ಪನನ್ನು ಒಳಗೆ ಕರೆದಳು. "ಒಬ್ರs ಅತಿಥಿ! ಇವತ್ತಿನ ಅತಿಥಿ ಅಪ್ಪ, ನಾ ಅಲ್ಲ" ಎಂದು ಅಕ್ಕ ಹಿಮದಲ್ಲೇ ಕಿಟಕಿಯ ಹೊರಗೆ ನಿಂತಳು. ಲೆಕ್ಕಕ್ಕಿಲ್ಲದ ನಾನು ಠೀವಿಯಿಂದ ಒಳಗೆ ಹೋದೆ. ಓಪಾನ ಫೋಟೋದ ಮುಂದೆ ಓಮಾ ಒಂದು ಕಡುಬನ್ನು ಬಿಚ್ಚಿಟ್ಟಳು. ಎಲೆಯ ಹಸಿರು ಅನ್ನಕ್ಕೆ ಇಳಿದಿತ್ತು, ಅಂಚಿನವರೆಗೂ ಬೆಂದಿತ್ತು. ಆಮೇಲೆ ಬರೀ ಬೇಳೆಯದೊಂದನ್ನು ಅದರ ಪಕ್ಕ ಇಟ್ಟು ಅಪ್ಪನತ್ತ ನೋಡಿದಳು. ನಾವು ಊರಿನಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತೇವಲ್ಲ, ಹಾಗೆಯೇ. ಅಪ್ಪ ಫೋನಿನಲ್ಲಿದ್ದ ಅಜ್ಜನ ಚಿತ್ರ ತೆಗೆದು ಅಲ್ಲಿಟ್ಟು ಉದ್ದಕ್ಕೆ ನಮಸ್ಕಾರ ಮಾಡಿದರು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಜ್ಜನ ಕತೆ ಹೇಳಿದರು, ಅವ್ವ ಬಡಿಸುವುದನ್ನೇ ಮರೆತು ಕೇಳಿದಳು.

ಬಾಗಿಲು ಬಡಿದವರು ಯಾರು ಎಂದು ನನ್ನನ್ನು ಕೇಳಬೇಡಿ, ನನಗಿಂದಿಗೂ ಗೊತ್ತಿಲ್ಲ. ನಿಮ್ಮ ಕಾಲವೇ ಬೇರೆ, ಮೊಮ್ಮಕ್ಕಳೇ. ಹೋದ ವರ್ಷ ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀವು ಮಾಡಿದ ಗಲಾಟೆ ಏನು ಕಡಿಮೆಯೇ? ಒಬ್ಬಳು ನನ್ನ ಗಂಜಿ ಕುಡಿದಳು, ಇನ್ನೊಬ್ಬ ನನ್ನ ಹಾಸಿಗೆಯಲ್ಲೇ ನಿದ್ದೆ ಹೊಡೆದ. ಇಷ್ಟು ಜನ ಬೇಡ ಎಂದು ನರ್ಸ್ ಬೈದಳು. ನಾನು ಗೋಡೆಯ ಕಡೆ ಹೊರಳಿ ಮಲಗಿದ್ದು ಬೇಸರದಿಂದಲ್ಲ, ಅಳುವುದು ನಿಮಗೆ ಕಾಣದಿರಲೆಂದು. ಓಮಾ, ಅಪ್ಪ ಇಬ್ಬರೂ ಬೇಡಿದ್ದು ಅಂಥದೊಂದು ಕೋಣೆಯೊಳಗೆ ಒಂದು ಕುರ್ಚಿ ಮಾತ್ರ, ಅದೂ ಅವರಿಗೆ ಸಿಗಲಿಲ್ಲ. ಮುಂದಿನ ಸಲವೂ ನೀವೆಲ್ಲ ಹಾಗೆಯೇ ನುಗ್ಗಿ ಬನ್ನಿ, ಬೈಗುಳ ನಾನು ತಿನ್ನುತ್ತೇನೆ.