ಹಳೆ ಹಾಸಿನ ತುದಿ

“ನೂಲಿನ ಕಂಡಿಕಿ ಸುತ್ತೋ ಮನಿ ಹುಡುಗಿ ಪದವಿ ತಗೊಳ್ಳೂದು ಆಗದ ಮಾತು” ಅಂದಿದ್ದವರು ನಮ್ಮ ಸೋದರಮಾವ. ಮೊನ್ನೆ, ಇಷ್ಟು ವರ್ಷದ ಮೇಲೆ, ಅವರಿಗೇ ತೋರಿಸಲೆಂದು ಪೆಟ್ಟಿಗೆಯಿಂದ ಸರ್ಟಿಫಿಕೇಟು ತೆಗೆದೆ. ಅದಕ್ಕೆ ಸುತ್ತಿದ್ದ ಬಟ್ಟೆಯಿಂದ ನೂಲಿನ ಗಂಜಿಯ ವಾಸನೆ ಬಂತು. ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ ಮುದುಕಿ, ಮಗ್ಗದ ಆಯಿ ನೆನಪಾದಳು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಬಿ.ಎ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯದೂ ಹೋದರೆ ಓದು ಬಿಡಿಸುವುದೆಂದು ಮನೆಯಲ್ಲಿ ನಿರ್ಧಾರವಾಗಿತ್ತು. ಶಬ್ದದ ಅರ್ಥ ಬಾಯಿಪಾಠ ಬರುತ್ತಿತ್ತು. ಸ್ವಂತ ವಾಕ್ಯದಲ್ಲಿ ಬಳಸಿ ಅಂದರೆ ಕೈ ನಿಲ್ಲುತ್ತಿತ್ತು. ‘ಎಂಡ್‌ಲೆಸ್’ ಅಂದರೆ ಕೊನೆಯಿಲ್ಲದ್ದು. ಸಮುದ್ರ ಎಂಡ್‌ಲೆಸ್ ಅಂತ ಗೈಡಿನಲ್ಲಿತ್ತು. ಮುಂಡರಗಿ ದಾಟದ ನಾನು ಸಮುದ್ರ ಎಲ್ಲಿ ಕಂಡಿದ್ದೆ?

ಪಕ್ಕದ ಮನೆಯ ಆಯಿಯ ಲಾಳಿಗೆ ಹಾಕುವ ನೂಲಿನ ಸುರುಳಿ, ಆ ಕಂಡಿಕಿಗಳನ್ನು, ಅವ್ವ ಸುತ್ತಿಕೊಡುತ್ತಿದ್ದಳು. ಒಂದು ದಿನ ಪುಸ್ತಕ ಹಿಡಿದು ಅಲ್ಲಿಗೇ ಹೋದೆ. ಸೀರೆ ನೇಯ್ದು ಇಳಿಸಿಯಾಗಿತ್ತು, ಮಗ್ಗದಲ್ಲಿ ಉದ್ದಕ್ಕೆ ಹಾಸಿದ್ದ ಹಳೆ ಹಾಸಿನ ಎಳೆಗಳ ತುದಿಗಳು ಜೋತಾಡುತ್ತಿದ್ದವು. ಆಯಿ ನೀರಿಗೆ ಹೋಗಿದ್ದಳು. ಕಸ ಅಂದುಕೊಂಡು ಎಲ್ಲ ಕತ್ತರಿಸಿ ಕಿತ್ತು ಹಾಕಿದೆ. ಹಳೆ ತುದಿಗೇ ಹೊಸ ಹಾಸಿನ ಎಳೆ ಹೊಸೆದು ಕೂಡಿಸುತ್ತಾರೆಂದು ಆ ಮನೆಯ ಕಂಡಿಕಿ ಸುತ್ತಿ ಬೆಳೆದ ನನಗೆ ಹೊಳೆಯಲೇ ಇಲ್ಲ.

ಆಯಿ ಬಂದು ನೋಡಿ ಕೊಡ ಇಳಿಸಿದಳು. ಬೈಯಲಿಲ್ಲ. “ಬಾ ಶಾಣ್ಯಾಕಿ, ಕುಂಡ್ರು. ಎಳಿ ಕೊಡು. ಓದೂದನ್ನ ಬಾಯಿ ಬಿಟ್ಟು ಓದು.”

ಈಗ ಒಂದೊಂದೇ ಎಳೆಯನ್ನು ಮೊದಲಿನಿಂದ ಮಗ್ಗದ ಹಣಿಗೆಯ ಸಂದಿಯಲ್ಲಿ ತೂರಿಸಬೇಕು. ನಾಲ್ಕು ದಿನ ಹಿಡಿಯಿತು. ಪರೀಕ್ಷೆ ಹತ್ತಿರ ಬಂದಿತ್ತು. ಮೂರನೇ ದಿನ ‘ಎಂಡ್‌ಲೆಸ್’ ಶಬ್ದದ ಅರ್ಥ ಆಯಿಗೆ ಹೇಳಿದೆ.

“ಕೊನಿ ಇಲ್ಲದ್ದು ಯಾವ್ದೂ ಇಲ್ಲವಾ,” ಅಂದಳು. “ಹಾಸು ಮುಗೀತೈತಿ. ಮುಗಿಯೂದ್ರಾಗ ಇನ್ನೊಂದ ಕೂಡಸ್ತೀವಿ. ನಮ್ಮತ್ತಿ ಬಿಟ್ಟ ತುದಿಗೆ ನಾ ಕೂಡಿಸ್ಕೋತ ಬಂದಿದ್ದೆ. ನಿನ್ನ ಕತ್ರಿ ಬಂತು ನೋಡು.” ನಕ್ಕಳು. ನನಗೆ ನಗು ಬರಲಿಲ್ಲ.

ಪರೀಕ್ಷೆಯಲ್ಲಿ ಅದೇ ಶಬ್ದ ಬಂತು. ಆಯಿಯ ಮಗ್ಗದ ಎಳೆ ಎಂಡ್‌ಲೆಸ್, ಯಾಕೆಂದರೆ ಪ್ರತಿ ಸಲ ಯಾರೋ ಕೂತು ಕೂಡಿಸುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಗೈಡಿನಲ್ಲಿಲ್ಲದ ನನ್ನ ಮೊದಲ ವಾಕ್ಯ ಅದು. ಪಾಸಾದೆ.

ಫಲಿತಾಂಶ ಬರುವ ಮೊದಲೇ ಆಯಿ ತೀರಿಕೊಂಡಿದ್ದಳು. ಮಗ್ಗದಲ್ಲಿ ಅರ್ಧ ಸೀರೆ ಹಾಗೇ ಉಳಿದಿತ್ತು... ಮುಂದೆ ಕೂರುವವರಿರಲಿಲ್ಲ. ಅದನ್ನು ಕತ್ತರಿಸಿ ತೆಗೆದ ದಿನ ಅವ್ವ ಒಂದು ತುಂಡು ಕೇಳಿ ತಂದಳು. ಆಮೇಲೆ ಸರ್ಟಿಫಿಕೇಟನ್ನು ಅದರಲ್ಲೇ ಸುತ್ತಿಟ್ಟೆ.

ಮೊನ್ನೆ ಶಿರಹಟ್ಟಿಯಲ್ಲಿ ಸೋದರಮಾವನ ಕೈಗೆ ಸರ್ಟಿಫಿಕೇಟು ಕೊಟ್ಟೆ. ಅವರಿಗೆ ಓದು ಬಾರದು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಬಟ್ಟೆ ಯಾರದೆಂದು ಕೇಳಿದರು. ಎಲ್ಲ ಹೇಳಿದೆ. ತಾವೇ ಅದನ್ನು ಮತ್ತೆ ಸುತ್ತಿ ನನ್ನ ಕೈಗಿಟ್ಟರು.

“ಇದು ಮೊದ್ಲ ಆಕೀ ಕೈಯಾಗ ಹೋಗಬೇಕಿತ್ತವಾ.”