ನಾಳೆಗೆ ಹೋಗಿ ಬರುತ್ತಿದ್ದವರು

ತಾಂಡೂರಿನ ನಮ್ಮ ಓಣಿಯ ತೊಗರಿ ವ್ಯಾಪಾರಿ ಗುಟ್ಟಾಗಿ ನಾಳೆಗೆ ಹೋಗಿ ಬರುತ್ತಿದ್ದರೆಂಬುದು ನನ್ನ ಹೊಟ್ಟೆಯುರಿ ಕಂಡುಹಿಡಿದ ಸತ್ಯ. ದರ ಏರುವ ಮುನ್ನಾದಿನ ಕೊಂಡಿರುತ್ತಿದ್ದರು, ಇಳಿಯುವ ಮುನ್ನಾದಿನ ಮಾರಿರುತ್ತಿದ್ದರು. ಜನರ ಕಣ್ಣು ಬೀಳಬಾರದೆಂದು ವರ್ಷಕ್ಕೊಮ್ಮೆ ಎರಡು ಚೀಲ ನಷ್ಟಕ್ಕೆ ಮಾರಿ, ಚಹಾದಂಗಡಿಯಲ್ಲಿ ತಲೆಯ ಮೇಲೆ ಕೈಹೊತ್ತು, "ಈ ಸಲ ಮುಳುಗ್ದೆ ನೋಡ್ರಿ" ಎನ್ನುತ್ತಿದ್ದರು. ಚಹಾ ನಾವೇ ಕುಡಿಸುತ್ತಿದ್ದೆವು.

ಒಮ್ಮೆ, ನನ್ನ ಹೊಲದ ಹತ್ತು ಚೀಲ ತೊಗರಿ ಮಾರಲೋ ಇಡಲೋ ಎಂದು ಅವರನ್ನೇ ಕೇಳಿದೆ. ಹರಿದ ಚಪ್ಪಲಿಗೆ ಪಿನ್ನು ಚುಚ್ಚುತ್ತ, "ಎಂಟ್ ದಿನ ತಡೀರಿ ಮಾಸ್ತರ್" ಎಂದರು.

ನನ್ನನ್ನು ಮುಳುಗಿಸುವ ಉಪಾಯವೆಂದು ತಿಳಿದು ಅಂದೇ ಮಾರಿದೆ. ಒಂಬತ್ತನೆಯ ದಿನ ದರ ಹಾರಿತು. "ತಡೀರಿ ಅಂದಿದ್ನಲ್ರಿ!" ಎಂದು ನಿಜಕ್ಕೂ ನೊಂದು, ಅವತ್ತು ಅವರೇ ಚಹಾ ಕುಡಿಸಿದರು.

ಅವರ ಸಂಪತ್ತನ್ನು ಹೇಗೋ ಸಹಿಸಿಕೊಂಡೆ. ನನಗೆ ನಿಜ ಹೇಳಿದ್ದನ್ನು ಇಂದಿಗೂ ಸಹಿಸಲಾಗುತ್ತಿಲ್ಲ.